ನಾವು ಹೂಳುವವರು

ಹೊರಡುವ ಮುಂಚೆ

ನಾನು ಪರದೇಶ ಕಂಡವನಲ್ಲ. ಒಮ್ಮೆ ಉತ್ಸಾಹದಿಂದ ಮಾಡಿಸಿಟ್ಟ ಪಾಸ್‌ಪೋರ್ಟು ಒಂದು ಠಸ್ಸೆಯೂ ಬೀಳದೆ ಅವಧಿ ಮುಗಿಸಿತು. ಹಾಗಾಗಿ ಗೆಳೆಯರು ತಮ್ಮ ಸಿಂಗಪುರ, ದುಬೈಗಳ ಸುದ್ದಿ ತೆಗೆದಾಗ ನಾನು ದೆಹಲಿಯ ಸುದ್ದಿ ತೆಗೆಯುತ್ತೇನೆ. ಅವರು ನಗುತ್ತಾರೆ. ಆದರೆ ಬಾಯಿ ತೆರೆದ ಕೂಡಲೇ ನಾಲಿಗೆ ತೊಡರುವ ಊರು, ಅನ್ನ ಕೇಳಿದರೆ ಆರೋಗ್ಯ ಸರಿಯಿಲ್ಲವೇ ಎಂದು ನೋಡುವ ಊರು, ಸತ್ತವರನ್ನು ಏನು ಮಾಡಬೇಕೆಂಬ ವಿಷಯದಲ್ಲೂ ನಮ್ಮಂತೆ ಯೋಚಿಸದ ಊರು ಪರದೇಶವಲ್ಲದೆ ಮತ್ತೇನು?

ನನ್ನ ಅಕ್ಕ ಗಿರಿಜಾ ಮದುವೆಯಾಗಿ ಆ ಊರಿಗೆ ಹೋದವಳು. ಭಾವ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಸೇರಿ, ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾಗಿ, ರೋಹಿಣಿಯ ಫ್ಲ್ಯಾಟಿನಲ್ಲೇ ಉಳಿದುಕೊಂಡಿದ್ದರು. ಈ ಚಳಿಗಾಲದ ಆರಂಭದಲ್ಲಿ ಬೆಳಗಿನ ವಾಕಿಂಗ್‌ಗೆ ಹೋದವರು ಪಾರ್ಕಿನಲ್ಲಿ ಕುಸಿದು ಬಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಗ ನಾನು ದಾವಣಗೆರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದೆ. ಹೋಗಲಾಗಲಿಲ್ಲ.

ಪ್ಲಾಸ್ಟರ್ ತೆಗೆಸಿದ ವಾರವೇ ಅಕ್ಕನ ಮಗಳು ರಶ್ಮಿ ನೋಯ್ಡಾದಿಂದ ಫೋನ್ ಮಾಡಿದಳು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ಒಂದೊಂದು ವಾಕ್ಯಕ್ಕೆ ಎರಡೆರಡು ಗಡಿ ದಾಟುತ್ತದೆ.

"ಮಾಮಾ, ಮಮ್ಮಿ ಪೂಜಾ ಬಂದ್ ಮಾಡಿಬಿಟ್ಟಿದಾರೆ. ಪೂರಾ ಬಂದ್. ಕೊರಳಲ್ಲಿ ಲಿಂಗ ಕೂಡ ಇಲ್ಲ. ನೀವು ಬನ್ನಿ ಪ್ಲೀಸ್."

"ನಾನು ಬಂದು ಏನು ಮಾಡಲಮ್ಮ? ನಮ್ಮ ಮನೆತನದಲ್ಲಿ ಪೂಜೆ ಬಿಟ್ಟವರಲ್ಲಿ ನಾನೇ ಮೊದಲಿಗ."

"ಅದಕ್ಕೇ ಕರೀತಿರೋದು. ನೀವು ಎಕ್ಸ್‌ಪರ್ಟ್ ಅಲ್ವಾ."

ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಲಿಂಗಾಯತರು. ಬೆಳ್ಳಿಯ ಪುಟ್ಟ ಕರಡಿಗೆಯಲ್ಲಿ ಇಷ್ಟಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತೇವೆ. ಬೆಳಿಗ್ಗೆ ಸ್ನಾನ ಮುಗಿಸಿ ಅದನ್ನು ಎಡ ಅಂಗೈಯಲ್ಲಿ ಇರಿಸಿಕೊಂಡು ಪೂಜೆ ಮಾಡುತ್ತೇವೆ. ಬೇರೆ ಗುಡಿ, ಬೇರೆ ಮೂರ್ತಿ ಬೇಕಿಲ್ಲ; ಅಂಗೈಯೇ ಗುಡಿ. ಸತ್ತಾಗ ನಮ್ಮವರನ್ನು ಸುಡುವುದಿಲ್ಲ. ಕುಳ್ಳಿರಿಸಿ, ಅದೇ ಲಿಂಗವನ್ನು ಅದೇ ಎಡಗೈಯಲ್ಲಿಟ್ಟು, ಮಣ್ಣು ಮುಚ್ಚುತ್ತೇವೆ. ಅಕ್ಕ ಜ್ವರದಲ್ಲೂ ರೈಲಿನಲ್ಲೂ ಹೆರಿಗೆ ವಾರ್ಡಿನಲ್ಲೂ ಪೂಜೆ ತಪ್ಪಿಸಿದವಳಲ್ಲ.

ನಾನು ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದುವಾಗ ನನ್ನದನ್ನು ತೆಗೆದೆ. ಒಂದು ಸಂಜೆ ಗೆಳೆಯರ ಎದುರು ಕುಕ್ಕರಹಳ್ಳಿ ಕೆರೆಗೆ ಎಸೆದೆ ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೇನೆ. ನೀರಿನಲ್ಲಿ ಎದ್ದ ಸದ್ದು ಈಗಲೂ ಕಿವಿಯಲ್ಲಿದೆ. ಆದರೆ ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕು ತೆಗೆದರೆ ಅದರೊಳಗೆ, ಹಳೆಯ ಕುಬಸದಲ್ಲಿ ಸುತ್ತಿ, ನನ್ನ ಲಿಂಗ ಇತ್ತು. ಹಾಗಾದರೆ ಕೆರೆಗೆ ಬಿದ್ದದ್ದೇನು? ಅಂದಿನಿಂದ ನನ್ನ ನೆನಪುಗಳನ್ನು ನಾನು ಸುಮ್ಮನೆ ನಂಬುವುದಿಲ್ಲ. ಇದನ್ನು ಓದುವಾಗ ನೀವೂ ಅಷ್ಟು ಎಚ್ಚರ ಇಟ್ಟುಕೊಳ್ಳಿ.

ರೋಹಿಣಿಯ ದಾರಿ

ಮೆಟ್ರೋದಲ್ಲಿ ನಿಲ್ಲಲು ಜಾಗ ಕಂಡ ಡಬ್ಬಿಗೆ ಹತ್ತಿ ಹಾಯಾಗಿ ನಿಂತೆ. ಸುತ್ತ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೂದುಬಣ್ಣದ ಶಾಲು ಹೊದ್ದ ಹೆಂಗಸೊಬ್ಬರು, "ಭಾಯಿಸಾಹಬ್, ಇಷ್ಟೊಂದು ಅಕ್ಕತಂಗಿಯರ ಮಧ್ಯೆ ಒಬ್ಬರೇ ಏನು ಮಾಡ್ತಿದ್ದೀರಿ?" ಎಂಬರ್ಥದ ಮಾತು ಆಡಿದರು. ಡಬ್ಬಿ ಪೂರ್ತಿ ನಕ್ಕಿತು. ಅದು ಹೆಂಗಸರ ಬೋಗಿ. ನಮ್ಮ ಬಸ್ಸಿನಲ್ಲಾದರೆ ಕಂಡಕ್ಟರ್ ಮುಖ ಮುರಿಯುವಂತೆ ಗದರುತ್ತಿದ್ದ. ಇಲ್ಲಿ ನಗೆಯಲ್ಲೇ ಮುಂದಿನ ಬೋಗಿಗೆ ದಾಟಿಸಿದರು.

ರೋಹಿಣಿಯಲ್ಲಿ ಬೀದಿಗಳಿಗೆ ಹೆಸರಿಲ್ಲ. ಸೆಕ್ಟರ್, ಅದರೊಳಗೆ ಪಾಕೆಟ್, ಅದರೊಳಗೆ ಬ್ಲಾಕ್. ಒಂದೇ ಅಚ್ಚಿನಲ್ಲಿ ತೆಗೆದಂಥ ಕಟ್ಟಡಗಳು, ಒಂದೇ ಬಗೆಯ ಕಬ್ಬಿಣದ ಜಾಲರಿ ಬಾಲ್ಕನಿಗಳು. ಸೂಟ್‌ಕೇಸು ಎತ್ತಿಕೊಂಡು ಎರಡನೇ ಮಹಡಿ ಹತ್ತಿ ಗಂಟೆ ಒತ್ತಿದೆ. ಸ್ವೆಟರ್ ಹಾಕಿದ ವೃದ್ಧರೊಬ್ಬರು ಬಾಗಿಲು ತೆರೆದು, "ಬನ್ನಿ, ಬನ್ನಿ, ಕೂತ್ಕೊಳ್ಳಿ" ಎಂದು ಕೂರಿಸಿದರು. ನೀರು ಬಂತು. ಚಹಾ ಬಂತು. ಎಳ್ಳು ಬೆಲ್ಲದ ಚಿಕ್ಕಿಯಂಥ ಗಜಕ್ ಬಂತು. ಚಳಿಯ ಬಗ್ಗೆ ಮಾತಾಯಿತು. ಕೊನೆಗೆ ನಾನೇ ನನ್ನ ಮುರುಕು ಹಿಂದಿಯಲ್ಲಿ, "ಗಿರಿಜಾ ಎಲ್ಲಿ?" ಎಂದೆ.

"ಯಾವ ಗಿರಿಜಾ?" ಎಂದರು ಅವರು, ಬಹಳ ಸೌಜನ್ಯದಿಂದ.

ನಾನು ಪಕ್ಕದ ಪಾಕೆಟ್ಟಿನ ಅದೇ ನಂಬರಿನ ಮನೆಗೆ ಬಂದಿದ್ದೆ. ನಮ್ಮಲ್ಲಿ ಮೊದಲು ಯಾರು, ಯಾವ ಊರು, ಯಾರ ಪೈಕಿ ಎಂದು ಕೇಳಿ ಆಮೇಲೆ ನೀರು ಕೊಡುತ್ತಾರೆ. ಇಲ್ಲಿ ಮೊದಲು ನೀರು. ಈ ಊರಿನ ಒಳ್ಳೆಯತನ ಪ್ರಶ್ನೆ ಕೇಳದೆ ನುಗ್ಗಿ ಬರುತ್ತದೆ ಎಂದು ಆಗ ಮೆಚ್ಚಿಕೊಂಡೆ. ಅಕ್ಕನಿಗೆ ಅದರಿಂದ ಏನಾಯಿತೆಂಬುದು ಇನ್ನೂ ತಿಳಿದಿರಲಿಲ್ಲ.

ಎರಡನೇ ಮಹಡಿ

ಅಕ್ಕ ಬಾಗಿಲು ತೆರೆದು ಮೊದಲು ನನ್ನ ಕಾಲು ನೋಡಿದಳು.

"ಕುಂಟ್ತಾ ಇದೀಯಾ?"

"ಮೆಟ್ಟಿಲು ಹತ್ತಿ. ಎರಡು ಸಲ ಹತ್ತಿದೆ, ಒಂದು ಸಲ ಬೇರೆಯವರ ಮನೇದು."

ನಕ್ಕಳು. ನಗು ಕೊರಳವರೆಗೂ ಬಂದು ನಿಂತಿತು. ಆ ಕೊರಳಲ್ಲಿ, ಸದಾ ಸೆರಗಿನಡಿ ಉಬ್ಬಿ ಕಾಣುತ್ತಿದ್ದ ಕರಡಿಗೆ ಇರಲಿಲ್ಲ. ಪೂಜೆಗೆ ಕೂರುತ್ತಿದ್ದ ಮಣೆ ಅಡುಗೆಮನೆಯಲ್ಲಿತ್ತು; ಅದರ ಮೇಲೆ ಅವಳು ಈರುಳ್ಳಿ ಬುಟ್ಟಿ ಇಟ್ಟಿದ್ದಳು.

ಊಟ ಮುಗಿದ ಮೇಲೆ ಬೀರುವಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದಿಟ್ಟಳು. ಆಸ್ಪತ್ರೆಯಲ್ಲಿ ಭಾವನ ಮೈಮೇಲಿಂದ ತೆಗೆದು ಕೊಟ್ಟ ವಸ್ತುಗಳು. ಕನ್ನಡಕ, ಉಂಗುರ, ಗಡಿಯಾರ. ಅವುಗಳ ಜತೆ ಅವರ ಕರಡಿಗೆ, ಬಿಳಿ ದಾರ ಸಮೇತ.

"ಇದು ಇಲ್ಲಿರಬಾರದಿತ್ತು ಶಶಿ," ಅಂದಳು. "ಅವರ ಕೈಯಲ್ಲಿ ಇರಬೇಕಿತ್ತು."

ಆ ದಿನ ನಡೆದದ್ದನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ಸುದ್ದಿ ತಿಳಿದ ಕೂಡಲೇ ನೆಲಮಹಡಿಯ ಅರೋರಾ ಆಂಟಿ ಓಡಿ ಬಂದರು. ಅವರ ಹಿಂದೆ ಇಡೀ ಬ್ಲಾಕು ಬಂತು. ಒಬ್ಬರು ಗಾಡಿಗೆ ಫೋನ್ ಮಾಡಿದರು, ಒಬ್ಬರು ಪಂಡಿತರನ್ನು ಕರೆದರು, ಒಬ್ಬರು ಕಟ್ಟಿಗೆಗೆ ಹೇಳಿ ಬಂದರು. ಕತ್ತಲಾಗುವ ಮುಂಚೆ ಮುಗಿಸಬೇಕು ಎಂಬುದು ಅವರ ಲೆಕ್ಕ. ರಶ್ಮಿ ಆಫೀಸಿನ ಕೆಲಸದ ಮೇಲೆ ಪುಣೆಗೆ ಹೋಗಿದ್ದಳು. ಅವಳು ಬರುವವರೆಗೂ ತಡೆದರು, ಬಂದ ಕೂಡಲೇ ಹೊರಡಿಸಿದರು. ಯಾರೂ ಅಕ್ಕನನ್ನು ಒಂದು ಮಾತೂ ಕೇಳಲಿಲ್ಲ. ಅವಳಿಗೆ ತೊಂದರೆ ಕೊಡಬಾರದೆಂದು.

"ನೀನು ಹೇಳಬಹುದಿತ್ತಲ್ಲ ಅಕ್ಕ?"

"ಹೇಳಬಹುದಿತ್ತು. ನಾಚಿಕೆ ಆಯ್ತು."

ಅದಕ್ಕೆ ಹಿಂದಿನ ಕಥೆಯೊಂದಿತ್ತು. ಚಳಿಗಾಲದ ಬಿಸಿಲಿಗೆ ಇಲ್ಲಿನ ಹೆಂಗಸರೆಲ್ಲ ಟೆರೇಸಿನ ಮೇಲೆ ಚಾಪೆ ಹಾಸಿ ಬಟಾಣಿ ಸುಲಿಯುತ್ತಾ ಕೂರುತ್ತಾರೆ. ಹಿಂದೊಮ್ಮೆ ಊರಿನಲ್ಲಿ ಅಕ್ಕನ ಅತ್ತೆ ತೀರಿಕೊಂಡಿದ್ದಾಗ ಯಾರೋ, ಎಲ್ಲ ಸರಿಯಾಗಿ ಆಯಿತೇ ಎಂದು ವಿಚಾರಿಸಿದರಂತೆ. ಇವಳು, ಹೌದು, ಹೊಲದಲ್ಲೇ ಹೂತೆವು ಎಂದಳು. ಸುಲಿಯುವ ಕೈಗಳೆಲ್ಲ ನಿಂತವು. "ಹೂತಿರಾ? ನೀವು ಹಿಂದೂಗಳಲ್ಲವಾ?" ಎಂದು ಒಬ್ಬಾಕೆ ಕೇಳಿದಳು. ಕೆಟ್ಟ ಮನಸ್ಸಿನಿಂದಲ್ಲ, ನಿಜವಾದ ಬೆರಗಿನಿಂದ. ಅಕ್ಕನಿಗೆ ಆ ಬೆರಗೇ ಸಾಕಾಯಿತು. ಆಮೇಲೆ ಯಾರು ಸತ್ತರೂ ಅವಳು, "ಕ್ರಿಯೆ ಎಲ್ಲ ಆಯ್ತು" ಎಂದಷ್ಟೇ ಹೇಳತೊಡಗಿದಳು.

"ಒಂದು ವಾಕ್ಯ ಶಶಿ. ನಾವು ಸುಡಲ್ಲ, ಹೂಳ್ತೀವಿ. ಹಿಂದಿ ಬರಲ್ಲ ಅಂತಲ್ಲ. ಬಾಯಿವರೆಗೂ ಬಂತು. ಆ ಬಟಾಣಿ ಕೈಗಳು ನೆನಪಾದವು. ಇವರೆಲ್ಲ ಏನಂದ್ಕೊಳ್ತಾರೆ ಅಂತ ಸುಮ್ಮನೆ ನಿಂತೆ. ಅವರನ್ನ ಬೆಂಕಿಗೆ ಕಳಿಸಿದೆ, ಕೈ ಖಾಲಿ."

ನಾನು ವಿಶ್ವವಿದ್ಯಾಲಯದಲ್ಲಿ ಕಲಿತ ಸಮಾಧಾನದ ಮಾತು ತೆಗೆದೆ. ಸತ್ತ ಮೇಲೆ ದೇಹಕ್ಕೆ ಏನಾದರೇನು, ಪದ್ಧತಿಗಳು ಊರಿಂದೂರಿಗೆ ಬೇರೆ, ಹೀಗೇ ಏನೋ.

"ಹೌದೇನೋ?" ಅವಳು ನನ್ನತ್ತ ನೇರವಾಗಿ ನೋಡಿದಳು. "ಏನಾದರೂ ವ್ಯತ್ಯಾಸ ಇಲ್ಲ ಅಂದರೆ, ಹುಡುಗಿಯಾಗಿದ್ದಾಗಿಂದ ಪ್ರತಿ ಬೆಳಿಗ್ಗೆ ಅಂಗೈಲಿ ಇಟ್ಕೊಂಡು ನಾನು ಮಾಡಿದ್ದೇನು? ವ್ಯತ್ಯಾಸ ಇದೆ ಅಂದರೆ, ಅವರಿಗೆ ನಾನು ಮಾಡಿದ್ದೇನು? ಯಾವ ಕಡೆಯಿಂದ ಹೇಳ್ತೀಯ ಹೇಳು."

ನನ್ನ ಬಳಿ ಮೂರನೆಯ ಕಡೆ ಇರಲಿಲ್ಲ.

ಅಪ್ಪಾಜಿಯ ಕೈ

ಮರುದಿನ ಬೆಳಿಗ್ಗೆ ಭಾವ ಬಿದ್ದ ಪಾರ್ಕಿಗೆ ಹೋದೆವು. ಮಂಜು ಇನ್ನೂ ಹರಿದಿರಲಿಲ್ಲ. ಒಂದು ಗುಂಪು ವೃತ್ತವಾಗಿ ನಿಂತು, ಕೈ ಮೇಲೆತ್ತಿ, ಹಹ್ಹಹ್ಹಾ ಎಂದು ಬಲವಂತದ ನಗೆ ನಗುತ್ತಿತ್ತು. ಆರೋಗ್ಯಕ್ಕಂತೆ. ದಾವಣಗೆರೆಯಲ್ಲಿ ನಾವು ನಗಲು ಕಾರಣ ಹುಡುಕುತ್ತೇವೆ, ಅದಕ್ಕೇ ನಮ್ಮ ಆರೋಗ್ಯ ಹೀಗೆ. ಅಕ್ಕ ಒಂದು ಬೆಂಚಿನ ಹತ್ತಿರ ನಿಂತಳು. ಅಲ್ಲೇ ಎಂದು ಹೇಳಬೇಕಾಗಿರಲಿಲ್ಲ.

"ಅಪ್ಪಾಜಿದು ಹೇಳು," ಅಂದಳು.

"ಏನು ಅಪ್ಪಾಜಿದು?"

"ಕೈದು. ಗುಂಡಿಯಲ್ಲಿ."

ಅಪ್ಪಾಜಿ ಹೋದಾಗ ನಾನು ಇನ್ನೂ ಓದುತ್ತಿದ್ದೆ. ಅಕ್ಕ ದೆಹಲಿಯಿಂದ ರೈಲು ಹಿಡಿದು ಬರುವಷ್ಟರಲ್ಲಿ ಮಣ್ಣು ಮುಚ್ಚಿ ಆಗಿತ್ತು. ಅವಳು ಬಂದ ಕೂಡಲೇ ನನ್ನ ರಟ್ಟೆ ಹಿಡಿದು, ಹೇಗಾಯಿತು ಎಂದು ಕೇಳಿದಳಂತೆ. ನಾನು ಹೇಳಿದೆನಂತೆ: ಕ್ರಿಯೆ ಮಾಡಿಸಿದ ಅಯ್ಯನವರು ಲಿಂಗವನ್ನು ಅಂಗೈಯಲ್ಲಿಟ್ಟರು, ಅಪ್ಪಾಜಿಯ ಬೆರಳುಗಳು ತಾವಾಗಿಯೇ ಮಡಚಿಕೊಂಡು ಅದನ್ನು ಹಿಡಿದುಕೊಂಡವು, ನಾನು ಕಣ್ಣಾರೆ ಕಂಡೆ ಎಂದು.

"ನೀನು ಆಗಲೇ ದೇವರಿಲ್ಲ, ದಿಂಡರಿಲ್ಲ ಅಂತ ಓಡಾಡ್ತಿದ್ದೋನು. ಬೇರೆ ಯಾರಾದರೂ ಹೇಳಿದ್ದರೆ ನಾನು ಅಷ್ಟು ನಂಬ್ತಿರಲಿಲ್ಲ. ನೀನು ಹೇಳಿದೆ ಅಂತ ನಂಬಿದೆ. ಇಷ್ಟು ವರ್ಷ ಕಣ್ಣು ಮುಚ್ಚಿ ಕೂತಾಗೆಲ್ಲ ಅಪ್ಪಾಜಿ ಕೈಯೇ ಕಾಣ್ತಿತ್ತು."

ನಾನು ಮಂಜು ನೋಡುತ್ತ ನಿಂತೆ. ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಹೇಳಲಿಲ್ಲ ಎಂಬುದೂ ನೆನಪಿಲ್ಲ. ಆ ಮಧ್ಯಾಹ್ನದ ಎರಡು ಚಿತ್ರಗಳು ನನ್ನ ತಲೆಯಲ್ಲಿವೆ. ಒಂದರಲ್ಲಿ ನಾನು ಗುಂಡಿಯೊಳಗೇ ಇದ್ದೇನೆ; ಪತ್ರೆಯ ಹಸಿ ವಾಸನೆ, ವಿಭೂತಿ ಬಳಿದ ಕೈ ನನ್ನ ಮುಖದ ಹತ್ತಿರ. ಇನ್ನೊಂದರಲ್ಲಿ ನಾನು ಮೇಲೆ, ತೋಡಿದ ಮಣ್ಣಿನ ದಿಬ್ಬದ ಮೇಲೆ ನಿಂತಿದ್ದೇನೆ. ಕೆಳಗೆ ಅಪ್ಪಾಜಿಯ ರುಮಾಲು ಮಾತ್ರ ಕಾಣುತ್ತಿದೆ, ಕೈ ಕಾಣುತ್ತಿಲ್ಲ. ಎರಡೂ ಅಷ್ಟೇ ಸ್ಪಷ್ಟ. ಕುಕ್ಕರಹಳ್ಳಿ ಕೆರೆಯ ಸದ್ದಿನಷ್ಟು ಸ್ಪಷ್ಟ.

ಬೇರೆ ಯಾರಾದರೂ ಆಗಿದ್ದರೆ ಒಂದು ಸುಳ್ಳು ಹೇಳಿ ಸಮಾಧಾನ ಮಾಡುತ್ತಿದ್ದರು. ನಾನೂ ಸಿದ್ಧನಿದ್ದೆ. ಆದರೆ ಯಾವ ಸುಳ್ಳು? ಹೌದು, ಬೆರಳು ಮಡಚಿದವು ಎಂದರೆ ಭಾವ ಅದನ್ನು ಕಳೆದುಕೊಂಡು ಹೋದರು. ಇಲ್ಲ, ಅದೆಲ್ಲ ಕಟ್ಟುಕಥೆ ಎಂದರೆ ಅಕ್ಕನ ಅಷ್ಟು ವರ್ಷದ ಬೆಳಗುಗಳು ಕಥೆಯ ಜತೆ ಹೋದವು.

"ನೆನಪಿಲ್ಲ ಅಕ್ಕ. ನಿಜವಾಗಿ ನೆನಪಿಲ್ಲ."

"ಎಲ್ಲದಕ್ಕೂ ಗೊತ್ತಿಲ್ಲ, ನೆನಪಿಲ್ಲ. ಇದೊಂದಾದರೂ ನೋಡಿದ್ದೆ ಅಂದ್ಕೊಂಡಿದ್ದೆ." ಅವಳು ಮುಂದೆ ನಡೆದಳು. ನಗುವ ಗುಂಪು ಮತ್ತೆ ಕೈ ಎತ್ತಿ ನಕ್ಕಿತು.

ಚಾಣಕ್ಯಪುರಿ

ನಮ್ಮ ಕಡೆಯ ಮಠದ ಸ್ವಾಮಿಗಳೊಬ್ಬರು ದೆಹಲಿಗೆ ಬಂದು ಚಾಣಕ್ಯಪುರಿಯ ನಮ್ಮ ರಾಜ್ಯದ ಅತಿಥಿಗೃಹದಲ್ಲಿ ಇಳಿದಿದ್ದಾರೆಂದು ಯಾರೋ ಅಕ್ಕನಿಗೆ ತಿಳಿಸಿದರು. "ನಿನ್ನನ್ನ ಕೇಳಿದ್ದಾಯ್ತು, ಅವರನ್ನೂ ಕೇಳ್ತೀನಿ" ಎಂದಳು. ಆಟೋದವನು ಆ ಅಗಲ ರಸ್ತೆಗಳಲ್ಲಿ ಬೇರೆ ದೇಶಗಳ ಬಾವುಟಗಳನ್ನು ತೋರಿಸುತ್ತ, ಪ್ರತಿ ಗೇಟಿನ ಮುಂದೆಯೂ "ಇದಾ?" ಎಂದು ಕೇಳಿದ. ಎಷ್ಟೋ ದೇಶಗಳನ್ನು ದಾಟಿ ಕೊನೆಗೆ ಕನ್ನಡ ಬೋರ್ಡು ಬಂತು. ಒಳಗೆ ಕಾಲಿಟ್ಟರೆ ಸಾರಿನ ಒಗ್ಗರಣೆ ವಾಸನೆ. ಅಕ್ಕ ಅಲ್ಲೇ ಒಂದು ಕ್ಷಣ ನಿಂತಳು. ಭಾವ ತಿಂಗಳಿಗೊಮ್ಮೆ ಅವಳನ್ನು ಇಲ್ಲಿಗೆ ಊಟಕ್ಕೆ ಕರೆತರುತ್ತಿದ್ದರಂತೆ.

ಸ್ವಾಮಿಗಳು ನನಗಿಂತ ಕಿರಿಯರು, ಮೃದು ಮಾತಿನವರು. ಅಕ್ಕ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ತಾಯಿ, ಒಳಗಿನ ಚೈತನ್ಯಕ್ಕೆ ಬೆಂಕಿಯೇನು, ಮಣ್ಣೇನು? ಎರಡೂ ಶಿವನವೇ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

"ಹಾಗಾದರೆ ನಿಮ್ಮನ್ನೂ ಸುಡಬಹುದಾ ಬುದ್ಧಿ?"

ಕೋಣೆಯಲ್ಲಿದ್ದವರೆಲ್ಲ ಅಕ್ಕನತ್ತ ತಿರುಗಿದರು. ನಾನು ಕಣ್ಣು ಕೆಳಗೆ ಹಾಕಿದೆ. ಸ್ವಾಮಿಗಳು ಸಿಟ್ಟಾಗಲಿಲ್ಲ. "ಇಲ್ಲ ತಾಯಿ. ನಮಗೆ ಜಾಗ ಆಗಿದೆ. ಹಿರಿಯ ಗುರುಗಳ ಪಕ್ಕದಲ್ಲಿ" ಎಂದರು. ಹೇಳುವಾಗ ಅವರ ಮುಖದಲ್ಲೂ ಏನೋ ಕದಲಿತು. ಆ ಲಿಂಗವನ್ನು ನಮಗೆ ಕೊಡಿ, ಮಠದಲ್ಲಿ ಸಲ್ಲಬೇಕಾದ ರೀತಿಯಲ್ಲಿ ಸಲ್ಲಿಸುತ್ತೇವೆ ಎಂದು ಕೈ ಚಾಚಿದರು. ಅಕ್ಕ ಚೀಲದೊಳಗೆ ಕೈ ಹಾಕಿದಳು. ಹಾಕಿದ ಕೈ ಹೊರಗೆ ಬರಲಿಲ್ಲ.

"ಕ್ಷಮಿಸಿ ಬುದ್ಧಿ," ಎಂದು ಎದ್ದಳು.

ಗೇಟಿನ ಹೊರಗೆ ಬಂದ ಮೇಲೆ ಅಂದಳು, "ಪಾಪ, ಒಳ್ಳೆಯವರು. ಸುಳ್ಳು ಹೇಳಲಿಲ್ಲ ನೋಡು." ಆಟೋದಲ್ಲಿ ಮುಖ ಆಚೆ ತಿರುಗಿಸಿ ಅತ್ತಳು. ನಾನು ಬಂದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಆಟೋದವನು ಕನ್ನಡಿಯಲ್ಲಿ ನೋಡಿ, ಏನೂ ಕೇಳದೆ, ತನ್ನ ಕಡಲೆಕಾಯಿ ಪೊಟ್ಟಣವನ್ನು ಹಿಂದಕ್ಕೆ ಚಾಚಿದ. ಮೊದಲು ನೀರು, ಆಮೇಲೆ ಪ್ರಶ್ನೆ.

ನೋಯ್ಡಾ

ಭಾನುವಾರ ರಶ್ಮಿಯ ಮನೆಗೆ ಹೋದೆವು. ಅವಳ ಅಪಾರ್ಟ್‌ಮೆಂಟು ಎಷ್ಟು ಎತ್ತರದಲ್ಲಿದೆಯೆಂದರೆ ಬಾಲ್ಕನಿಯಿಂದ ಕೆಳಗೆ ನೋಡಿದರೆ ಮಂಜೇ ನೆಲದಂತೆ ಕಾಣುತ್ತಿತ್ತು. ಒಳಗೆ ಬರಲು ಗೇಟಿನಲ್ಲಿ ಫೋಟೋ ಹಿಡಿದರು, ಅವಳ ಫೋನಿಗೆ ಅಪ್ಪಣೆ ಕೇಳಿದರು. ಅಕ್ಕ, "ಮಗಳ ಮನೆಗೂ ವೀಸಾ" ಎಂದು ಗೊಣಗಿದಳು.

ಊಟಕ್ಕೆ ರಶ್ಮಿ ರಾಜ್ಮಾ ಮಾಡಿದ್ದಳು. ನಮಗಾಗಿ ಅದಕ್ಕೆ ಸಾರಿನ ಪುಡಿ ಹಾಕಿದ್ದಳು. ಎರಡೂ ರಾಜ್ಯಗಳಿಗೆ ಅನ್ಯಾಯವಾಗಿತ್ತು. ಎರಡು ಸಲ ಬಡಿಸಿಕೊಂಡೆ. ಮಾತು ತಿರುಗಿ ತಿರುಗಿ ಅಲ್ಲಿಗೇ ಬಂತು. ಅಕ್ಕ, ಹೂಳಬೇಕಿತ್ತು ಎಂದಾಗ ರಶ್ಮಿ ಚಮಚ ಕೆಳಗಿಟ್ಟಳು.

"ಏಕ್ ಮಿನಿಟ್ ಮಮ್ಮಿ. ನಮ್ಮಲ್ಲಿ ಹೂಳ್ತಾರಾ?"

ಅಕ್ಕ ತಲೆಯಾಡಿಸಿದಳು.

"ನನಗೆ ಗೊತ್ತೇ ಇಲ್ಲ! ಅಜ್ಜಿಗೆ ಹೂಳಿದ್ದಾ? ನೀವು ಯಾವತ್ತೂ ಹೇಳಲಿಲ್ಲ. ಕ್ರಿಯೆ ಆಯ್ತು, ಕ್ರಿಯೆ ಆಯ್ತು, ಬಸ್. ನಾನು ಪುಣೆಯಿಂದ ಬಂದಾಗ ಎಲ್ಲರೂ ಚಲೋ ಬೇಟಾ, ಚಲೋ ಬೇಟಾ ಅಂದರು, ನಾನು ಹೋಗಿ..." ಅವಳು ನಿಲ್ಲಿಸಿದಳು. ಗಂಡು ಮಕ್ಕಳಿಲ್ಲದ ಭಾವನ ಚಿತೆಗೆ ಬೆಂಕಿ ಇಟ್ಟವಳು ಅವಳೇ. "ನನಗಾದರೂ ಹೇಳಿದ್ದರೆ ನಾನು ಜಗಳ ಆಡ್ತಿದ್ದೆ ಮಮ್ಮಿ. ಪೂರಾ ರೋಹಿಣಿ ಜತೆ ಜಗಳ ಆಡ್ತಿದ್ದೆ."

ಅಕ್ಕ ಎದ್ದು ಹೋಗಿ ಮಗಳ ಕೈ ಹಿಡಿದುಕೊಂಡಳು. ಬಲಗೈ, ಬೆಂಕಿ ಇಟ್ಟ ಕೈ. ಅದನ್ನು ತಿರುಗಿಸಿ, ಸುಟ್ಟಿದೆಯೇನೋ ಎಂಬಂತೆ ನೋಡಿದಳು.

"ನಿನ್ನದೇನೂ ಇಲ್ಲ," ಅಂದಳು. "ಟೆರೇಸಲ್ಲಿ ಮುಚ್ಚಿಟ್ಟಿದ್ದನ್ನ ನಿನ್ನಿಂದಲೂ ಮುಚ್ಚಿಟ್ಟೆ."

"ಅಚ್ಛಾ, ಈಗ ಹೇಳಿ. ನಿಮಗೆ ನಾನು ಏನು ಮಾಡಬೇಕು?" ರಶ್ಮಿ ಅಳುತ್ತಲೇ ಕೇಳಿದಳು. ನಮ್ಮೂರಿನ ಯಾವ ಮಗಳೂ ತಾಯಿಯನ್ನು ಎದುರಿಗೆ ಕೂರಿಸಿ ಹಾಗೆ ಕೇಳಲಾರಳು. ಕೇಳಿದ್ದು ಒಳ್ಳೆಯದಾಯಿತು. ಅಕ್ಕ ಉತ್ತರ ಕೊಡಲಿಲ್ಲ, ಆದರೆ ಮರಳುವಾಗ ಮೆಟ್ರೋದ ಕಿಟಕಿಯಾಚೆ ನೋಡುತ್ತ, "ಅರೋರಾ ಆಂಟಿಗೆ ಹೇಳಬೇಕು ಶಶಿ" ಎಂದಳು.

ಕರಿಬೇವಿನ ಬುಡ

ಅರೋರಾ ಆಂಟಿ ಎಂಬತ್ತರ ಆಸುಪಾಸಿನ ಪಂಜಾಬಿ ಹೆಂಗಸು. ನೆಲಮಹಡಿಯವರಾದ್ದರಿಂದ ಅವರ ಬಾಗಿಲ ಮುಂದೆ ಒಂದಿಷ್ಟು ಮಣ್ಣಿದೆ. ಅಲ್ಲಿ ಚೆಂಡುಹೂವು, ತುಳಸಿ, ಮೂಲಂಗಿ. ಮೂಲೆಯಲ್ಲಿ ಒಂದು ಕರಿಬೇವಿನ ಗಿಡ. ಅದು ಅವರದಲ್ಲ, ಭಾವನದು. ಎರಡನೇ ಮಹಡಿಯ ಕುಂಡದಲ್ಲಿ ಬಾಡುತ್ತಿದ್ದದ್ದನ್ನು ಆಂಟಿಯ ಅನುಮತಿ ಪಡೆದು ಇಲ್ಲಿ ನೆಟ್ಟಿದ್ದರಂತೆ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಇಳಿದು ಬಂದು ಅಕ್ಕನ ಒಗ್ಗರಣೆಗೆ ಒಂದು ಎಸಳು ಕೀಳುತ್ತಿದ್ದರು. ಆಂಟಿ ಅದನ್ನು ಎಂದೂ ಅಡುಗೆಗೆ ಹಾಕಿದವರಲ್ಲ. "ನನಗೆ ಔಷಧಿ ವಾಸನೆ ಬರುತ್ತೆ. ಆದರೆ ಭಾಯಿಸಾಹಬರದು, ನೀರು ಹಾಕ್ತೀನಿ" ಎಂದು ನನಗೆ ಮೊದಲ ದಿನವೇ ಹೇಳಿದ್ದರು.

ಬಿಸಿಲಿಗೆ ಕುರ್ಚಿ ಹಾಕಿ ಕೂತಿದ್ದ ಅವರ ಮುಂದೆ ಅಕ್ಕ ನಿಂತು, ಅಷ್ಟು ವರ್ಷ ನುಂಗಿಕೊಂಡಿದ್ದ ಆ ವಾಕ್ಯವನ್ನು ಹಿಂದಿಯಲ್ಲಿ ಹೇಳಿದಳು. ನಾವು ಸುಡುವವರಲ್ಲ, ನಾವು ಹೂಳುವವರು.

ಆಂಟಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವರ ಕೈ ಬಾಯಿಗೆ ಹೋಯಿತು. ಅಂದು ಎಲ್ಲರಿಗಿಂತ ಮುಂದೆ ಓಡಾಡಿದವರು ಅವರೇ. "ಯಾಕೆ ಹೇಳಲಿಲ್ಲ ಭಾಭೀಜಿ? ಅಯ್ಯೋ, ನನ್ನ ಕೈಯಿಂದ ಏನು ಮಾಡಿಸಿದಿರಿ?" ಎಂದು ತಮ್ಮ ಮೊಣಕಾಲಿಗೆ ಬಡಿದುಕೊಂಡರು. ಈಗ ಅಕ್ಕನೇ ಅವರ ಬೆನ್ನು ಸವರಬೇಕಾಯಿತು. ಹತ್ತಿರ ನಿಂತು ನೋಡುತ್ತಿದ್ದ ನನಗೆ, ಈ ಊರಿನಲ್ಲಿ ಯಾರು ಯಾರಿಗೆ ತಪ್ಪು ಮಾಡಿದರೆಂದು ಬೇರ್ಪಡಿಸುವುದು ಆಗದ ಕೆಲಸ ಎನಿಸಿತು.

ಅಳು ನಿಂತ ಮೇಲೆ ಆಂಟಿ ಕಣ್ಣೊರೆಸಿಕೊಂಡು, ಆ ವಸ್ತು ಎಲ್ಲಿದೆ ಎಂದು ಕೇಳಿದರು. ಅಕ್ಕ ಚೀಲ ತೋರಿಸಿದಳು. ಅವರು ಮುಟ್ಟಲಿಲ್ಲ. ಕೋಲೂರಿ ಎದ್ದು, ಮೂಲೆಗೆ ಹೋಗಿ, ಗಿಡ ಅಗೆಯುವ ಖುರ್ಪಿಯನ್ನು ಕರಿಬೇವಿನ ಬುಡದಲ್ಲಿ ಇಟ್ಟು ನನ್ನನ್ನು ನೋಡಿದರು. "ಮಣ್ಣು ಇದೆಯಲ್ಲ," ಎಂದಷ್ಟೇ ಅಂದರು.

ನಾನು ಮೊಣಕಾಲೂರಿ ಅಗೆದೆ. ಕಾಲು ನೋಯುತ್ತಿತ್ತು. ಮೇಲಿನ ಮಣ್ಣು ಸಡಿಲ, ಕೆಳಗಿನದು ತಣ್ಣಗೆ ಗಟ್ಟಿ. ಅಕ್ಕ ಮೇಲೆ ಹೋಗಿ ಸ್ನಾನ ಮಾಡಿ, ವಿಭೂತಿಯ ಉಂಡೆ, ಚೊಂಬಿನಲ್ಲಿ ನೀರು ತಂದಳು. ಕರಡಿಗೆಯಿಂದ ಲಿಂಗವನ್ನು ತೆಗೆದು ತೊಳೆದಳು. ಗುಂಡಿಯ ಮುಂದೆ ಕೂತವಳು ಅದನ್ನು ಕೆಳಗಿಡಲು ಬಾಗಿ, ಇಡದೆ, ಹಾಗೇ ಕೂತುಬಿಟ್ಟಳು.

"ಏನಾಯ್ತು?"

"ಬರೀ ಮಣ್ಣಿಗೆ ಹೇಗೆ ಇಡಲಿ? ಕೈ ಬೇಕಲ್ಲೋ."

ಕೈ ಎಂದೋ ಬೂದಿಯಾಗಿ ಹೊಳೆ ಸೇರಿತ್ತು.

"ನಿನ್ನ ಎಡಗೈ ಕೊಡು," ಅಂದಳು.

"ನಂದಾ? ನಾನು ನಂಬದವನು ಅಕ್ಕ."

"ನಂಬೋದು ಬೇಡ. ಹಿಡಿ ಸಾಕು."

ನಾನು ಎಡಗೈಯನ್ನು ಗುಂಡಿಯೊಳಗೆ, ಅಂಗೈ ಮೇಲಾಗಿ ಇಳಿಸಿದೆ. ಅಕ್ಕ ವಿಭೂತಿ ಬಳಿದು ಲಿಂಗವನ್ನು ಅದರ ಮೇಲಿಟ್ಟಳು. ಅದು ನಾನು ಎಣಿಸಿದ್ದಕ್ಕಿಂತ ಭಾರವಾಗಿತ್ತು, ತಣ್ಣೀರಿನಲ್ಲಿ ತೊಳೆದದ್ದರಿಂದ ಮಂಜಿನಂತೆ ತಣ್ಣಗಿತ್ತು. ನನ್ನ ಬೆರಳುಗಳು ಮಡಚಿಕೊಂಡವು. ನಾನು ಮಡಚಿದೆನೋ, ಚಳಿಗೆ ಮಡಚಿದವೋ, ಅಂಗೈಗೆ ಏನು ಬಿದ್ದರೂ ಮಡಚುವುದು ಬೆರಳುಗಳ ಸ್ವಭಾವವೋ, ಇಂದೂ ಹೇಳಲಾರೆ. ನಾನೇ ಅಲ್ಲಿದ್ದ, ನನ್ನದೇ ಕೈಯ ವಿಷಯವಿದು. ಹೋದ ತಿಂಗಳು ನಡೆದದ್ದು.

ಅಕ್ಕ ನೋಡಿದಳು. ನೋಡುತ್ತಲೇ ಇದ್ದಳು. ನಾನು ಅವಳ ಮುಖ ನೋಡಲಿಲ್ಲ. ಹಿಂದೆ ಆಂಟಿ ಏನೋ ಪಿಸುಗುಡುತ್ತಿದ್ದರು, ಅವರ ದೇವರದಿರಬೇಕು. ತುಸು ಹೊತ್ತಾದ ಮೇಲೆ ಅಕ್ಕ, "ಸಾಕು, ಬಿಡು" ಎಂದಳು. ಬೆರಳುಗಳು ಕೂಡಲೇ ಮಾತು ಕೇಳಲಿಲ್ಲ, ಮರಗಟ್ಟಿದ್ದವು. ಅವಳೇ ಒಂದೊಂದಾಗಿ ಬಿಡಿಸತೊಡಗಿದಳು. ಕಿರುಬೆರಳಿಗೆ ಬಂದಾಗ ತಡೆದಳು.

"ಅಪ್ಪಾಜಿ ಕೈನ ಆಮೇಲೆ ಯಾರಾದರೂ ಹೀಗೆ ಬಿಡಿಸಿದರಾ?"

"ಇಲ್ಲ ಅಕ್ಕ. ಯಾರೂ ಬಿಡಿಸಲಿಲ್ಲ."

"ಅಷ್ಟು ನೆನಪಿದೆಯಾ?"

"ಅಷ್ಟು ನೆನಪಿದೆ." ಅದು ನಿಜ. ಎರಡು ಚಿತ್ರಗಳಲ್ಲೂ ಕೊನೆಗೆ ಮಣ್ಣು ಬೀಳುತ್ತದೆ, ಯಾರೂ ಮತ್ತೆ ಕೈ ಹಾಕುವುದಿಲ್ಲ.

ಅವಳು ಕಿರುಬೆರಳು ಬಿಡಿಸಿ, ಲಿಂಗವನ್ನು ಎತ್ತಿ ಮಣ್ಣಿನಲ್ಲಿಟ್ಟಳು. ಮೊದಲ ಹಿಡಿ ಅವಳದು, ಎರಡನೆಯದು ನನ್ನದು. ಮೂರನೆಯದಕ್ಕೆ ಅವಳು ಆಂಟಿಯನ್ನು ಕರೆದ ರೀತಿ ನೋಡಬೇಕಿತ್ತು. ಬಟಾಣಿ ಸುಲಿಯಲು ಕರೆದಷ್ಟು ಸಹಜವಾಗಿ.

ಅಂದು ಸಂಜೆಯ ವಿಮಾನಕ್ಕೆ ನಾನು ಹೊರಟೆ. ಅಕ್ಕ ನಲ್ಲಿಯ ಕೆಳಗೆ ಉಗುರುಸಂದಿನ ಮಣ್ಣು ತೊಳೆದುಕೊಳ್ಳುತ್ತಿದ್ದಳು. ಕೊರಳು ಬರಿದಾಗಿಯೇ ಇತ್ತು. ಕೇಳಬಾರದೆಂದುಕೊಂಡವನು ಕೇಳಿಬಿಟ್ಟೆ, "ನಿಂದು?"

"ಬೀರುವಲ್ಲಿದೆ. ಆ ಶಿವನ ಜತೆ ನನ್ನ ಜಗಳ ಇನ್ನೂ ಮುಗಿದಿಲ್ಲ." ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. "ಅಷ್ಟರೊಳಗೆ ನಾನು ಹೋದರೆ ಹೂಳಬೇಕು ಅಂತ ರಶ್ಮಿಗೆ ಬೆಳಿಗ್ಗೆ ಫೋನ್ ಮಾಡಿ ಹೇಳಿದೀನಿ. ಕೈಯಲ್ಲಿ ಏನಿಡಬೇಕು ಅಂತ ಇನ್ನೂ ಹೇಳಿಲ್ಲ."